ಬರಗಾಲ ಮತ್ತು ಉಪ್ಪುನೀರಿನ ಗಿಡಗಳು: ಉತ್ತರ ಕನ್ನಡದ ಅಳಿವೆಗಳ ಬಗ್ಗೆ ಪದೇ ಪದೇ ಕೇಳುವ ಪ್ರಶ್ನೆಗಳು

ಕಾರವಾರದ ಕಾಳಿ, ಅಂಕೋಲೆಯ ಗಂಗಾವಳಿ, ಕುಮಟೆಯ ಅಘನಾಶಿನಿ ಮತ್ತು ಹೊನ್ನಾವರದ ಶರಾವತಿ ನದಿಗಳು ಕಡಲನ್ನು ಸೇರುವ ಕಡೆ ಕೆಸರಿನಲ್ಲಿ ಬೇರೂರಿರುವ ಗಿಡಗಳನ್ನು ದಿನವೂ ನೋಡುವವರು ಕೇಳುವ ಪ್ರಶ್ನೆಗಳನ್ನು ಇಲ್ಲಿ ಒಟ್ಟುಗೂಡಿಸಲಾಗಿದೆ. ಉಪ್ಪುಜವುಗಿನ (ಹುಲ್ಲು ಮತ್ತು ಸಣ್ಣ ಗಿಡಗಳು ಹಬ್ಬಿರುವ ಉಬ್ಬರದ ಬಯಲಿನ) ಮೇಲೆ ಬರದ ಪರಿಣಾಮವನ್ನು ಕುರಿತ ಹೆಸರಾಂತ ಪ್ರಯೋಗಗಳು ಅಮೆರಿಕ, ಚೀನಾ ಮುಂತಾದ ಕಡೆ ನಡೆದಿವೆ. ಅವನ್ನು ಹೇಳುವಾಗ ಅಲ್ಲಿಯವೆಂದೇ ಹೇಳಿ, ನಮ್ಮ ಕರಾವಳಿಗೆ ಅವುಗಳಿಂದ ಎಷ್ಟು ತಿಳಿಯಬಹುದು ಎಂಬುದನ್ನು ಬೇರೆಯಾಗಿ ವಿವರಿಸಲಾಗಿದೆ.

ದಿನಕ್ಕೆರಡು ಬಾರಿ ನೀರು ಬರುವ ಜಾಗದಲ್ಲಿರುವ ಗಿಡಕ್ಕೆ ಬರ ತಟ್ಟುವುದು ಹೇಗೆ?

ನೀರು ಇರುವುದು ಬೇರೆ, ಗಿಡ ಆ ನೀರನ್ನು ಹೀರಿಕೊಳ್ಳಲು ಆಗುವುದು ಬೇರೆ. ಕಡಲಿನ ನೀರಿನಲ್ಲಿ ಲೀಟರಿಗೆ ಸುಮಾರು 35 ಗ್ರಾಂ ಉಪ್ಪು ಕರಗಿರುತ್ತದೆ. ಇಷ್ಟು ಉಪ್ಪಿರುವ ನೀರನ್ನು ಬೇರಿನೊಳಗೆ ಎಳೆದುಕೊಳ್ಳಬೇಕಾದರೆ ಗಿಡವು ವಾಯುಭಾರದ ಸುಮಾರು 25 ಪಟ್ಟಿಗೂ ಹೆಚ್ಚಿನ ಸೆಳೆತವನ್ನು ತನ್ನೊಳಗೆ ಉಂಟುಮಾಡಿಕೊಳ್ಳಬೇಕು. ಭತ್ತ, ತೆಂಗು, ಅಡಿಕೆಗಳನ್ನು ನೋಡಿ ಬೆಳೆದ ನಮಗೆ ಬರವೆಂದರೆ ಮಣ್ಣು ಒಣಗುವುದು ಎಂಬ ಚಿತ್ರವೇ ಮೊದಲು ಕಣ್ಣಿಗೆ ಬರುತ್ತದೆ. ಅಳಿವೆಯ ಅಂಚಿನಲ್ಲಿ ಬರವೆಂದರೆ ಮಣ್ಣಿನ ಉಪ್ಪನ್ನು ತೆಳುವಾಗಿಸುವ ಸಿಹಿನೀರು ಬಾರದಿರುವುದು. ಮಳೆಯೂ ಹೊಳೆಯೂ ಕೈಕೊಟ್ಟಾಗ ಉಬ್ಬರದ ನೀರು ಎಂದಿನಂತೆ ಬಂದು ಹೋಗುತ್ತಲೇ ಇದ್ದರೂ, ಪ್ರತಿ ಸಲವೂ ಸ್ವಲ್ಪ ಉಪ್ಪನ್ನು ಮಣ್ಣಿನಲ್ಲಿ ಬಿಟ್ಟು ಹೋಗುತ್ತದೆ, ಬಿಸಿಲು ನೀರನ್ನಷ್ಟೇ ಎತ್ತಿಕೊಂಡು ಉಪ್ಪನ್ನು ಅಲ್ಲೇ ಉಳಿಸುತ್ತದೆ.

ಗೋಕರ್ಣದ ಹತ್ತಿರದ ಸಾಣಿಕಟ್ಟಾದಲ್ಲಿ ಉಪ್ಪು ತೆಗೆಯುವುದನ್ನು ನೋಡಿದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಅಲ್ಲಿನ ಆಗರದಲ್ಲಿ ಜನರು ಬೇಕೆಂದೇ ಮಾಡುವ ಕೆಲಸವನ್ನು ಬರಗಾಲದ ಬಿಸಿಲು ಗಿಡಗಳ ಬುಡದಲ್ಲಿ ಯಾರೂ ಕೇಳದೆ ಮಾಡುತ್ತದೆ. ಕಡಲನೀರು ಸುಮಾರು ಹತ್ತು ಪಟ್ಟು ಗಟ್ಟಿಯಾದಾಗ ಅಡುಗೆ ಉಪ್ಪು ಹರಳುಗಟ್ಟುತ್ತದೆ. ಗಿಡಗಳು ಆ ಮಟ್ಟಕ್ಕೆ ಬಹಳ ಮೊದಲೇ ಸೋಲುತ್ತವೆ.

ಜವುಗಿನ ಎಲ್ಲ ಭಾಗಕ್ಕೂ ಬರ ಒಂದೇ ರೀತಿ ತಟ್ಟುತ್ತದೆಯೇ?

ಇಲ್ಲ. ನೀರಂಚಿನ ತಗ್ಗು ಭಾಗವನ್ನು ಉಬ್ಬರ ದಿನವೂ ತೊಳೆಯುವುದರಿಂದ ಅಲ್ಲಿನ ಮಣ್ಣಿನ ಉಪ್ಪು ಕಡಲನೀರಿನ ಮಟ್ಟವನ್ನು ಹೆಚ್ಚು ಮೀರುವುದಿಲ್ಲ. ದಡದ ಕಡೆಗಿನ ಎತ್ತರದ ಭಾಗಕ್ಕೆ ನೀರು ಏರುವುದು ಹುಣ್ಣಿಮೆ ಮತ್ತು ಅಮಾವಾಸ್ಯೆಯ ಆಸುಪಾಸಿನ ದೊಡ್ಡ ಉಬ್ಬರಗಳಲ್ಲಿ ಮಾತ್ರ, ಮುಂದಿನ ದೊಡ್ಡ ಉಬ್ಬರದವರೆಗೆ ಆ ಮಣ್ಣು ಬಿಸಿಲಿನಲ್ಲಿ ಕಾಯುತ್ತಿರುತ್ತದೆ. ಉಪ್ಪು ಅತಿಯಾಗಿ ಸೇರುವುದು ಈ ನಡು-ಮೇಲಿನ ಪಟ್ಟಿಯಲ್ಲಿ. ಇನ್ನೂ ಮೇಲೆ, ಉಬ್ಬರವೇ ತಲುಪದ ಕಡೆ, ಉಪ್ಪು ಮತ್ತೆ ಕಡಿಮೆಯಾಗುತ್ತದೆ. ಏಪ್ರಿಲ್-ಮೇ ತಿಂಗಳಲ್ಲಿ ಗಜನಿಯ (ಅಳಿವೆಯಂಚಿನಲ್ಲಿ ಕಟ್ಟೆ ಕಟ್ಟಿ ಮಾಡಿದ ಉಪ್ಪುನೀರಿನ ಗದ್ದೆಯ) ಕಟ್ಟೆಯಂಚಿನಲ್ಲಿ ಬಿಳಿ ಪುಡಿ ಎದ್ದಿರುವ ಬೋಳು ತೇಪೆಗಳನ್ನು ಕಂಡವರು ಈ ಪಟ್ಟಿಯನ್ನೇ ಕಂಡಿದ್ದಾರೆ.

ನಮ್ಮಲ್ಲಿರುವುದು ಕಾಂಡ್ಲಾ (ಮ್ಯಾಂಗ್ರೋವ್) ಕಾಡು. ಅದನ್ನು ಉಪ್ಪುಜವುಗು ಎನ್ನಬಹುದೇ?

ವಿಜ್ಞಾನದ ಬಳಕೆಯಲ್ಲಿ ಉಪ್ಪುಜವುಗು ಎಂದರೆ ಹುಲ್ಲು, ಜೇಕು ಮತ್ತು ದಪ್ಪ ಎಲೆಯ ಸಣ್ಣ ಗಿಡಗಳು ಹಬ್ಬಿರುವ ಉಬ್ಬರದ ಬಯಲು. ಮರಗಳಿದ್ದರೆ ಅದು ಕಾಂಡ್ಲಾ ಕಾಡು. ಚಳಿ ಹೆಚ್ಚಿರುವ ದೇಶಗಳಲ್ಲಿ ಕಾಂಡ್ಲಾ ಬದುಕಲಾರದ್ದರಿಂದ ಆ ಜಾಗವನ್ನು ಹುಲ್ಲು ಆಳುತ್ತದೆ, ನಮ್ಮಂಥ ಬಿಸಿ ನಾಡಿನಲ್ಲಿ ಮರಗಳೇ ಮುಂದೆ ನಿಲ್ಲುತ್ತವೆ. ಭಾರತದಲ್ಲಿ ವಿಸ್ತಾರವಾದ ಉಪ್ಪುಜವುಗುಗಳು ಇರುವುದು ಮುಖ್ಯವಾಗಿ ಗುಜರಾತಿನಲ್ಲಿ.

ಆದರೂ ನಮ್ಮ ಅಳಿವೆಗಳಲ್ಲಿ ಕಾಂಡ್ಲಾ ಮರಗಳ ಹಿಂದೆ, ಕಟ್ಟೆಗಳ ಮೇಲೆ, ಬಿಟ್ಟ ಗಜನಿಗಳ ಅಂಚಿನಲ್ಲಿ ಉಪ್ಪು ತಾಳುವ ಹುಲ್ಲು, ಜೇಕು, ಮುಳ್ಳೆಲೆಯ ಹೊಳೆಚುಳ್ಳಿ, ನೆಲದ ಮೇಲೆ ಹರಡುವ ದಪ್ಪ ಎಲೆಯ ಸೆಸುವಿಯಮ್ ಮುಂತಾದವು ಬೆಳೆಯುತ್ತವೆ. ಇವುಗಳಿಗೆ ಕಾಂಡ್ಲಾಕ್ಕೆ ಸಿಗುವ ಗೌರವ ಸಿಕ್ಕಿಲ್ಲ. ಬರದ ಪೆಟ್ಟು ಮೊದಲು ಬೀಳುವುದು ಈ ಅಂಚಿನ ಸಣ್ಣ ಗಿಡಗಳ ಮೇಲೆಯೇ ಆದ್ದರಿಂದ ಅವುಗಳನ್ನು ಕಳೆಯೆಂದು ಕಡೆಗಣಿಸುವುದು ತಪ್ಪೆಂದು ನಾನು ತಿಳಿದಿದ್ದೇನೆ.

ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ ಬೀಳುವ ಕರಾವಳಿಯಲ್ಲಿ ಬರದ ಮಾತು ಎಷ್ಟು ಸರಿ?

ಆ ಮಳೆಯ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಸುರಿದು ಮುಗಿಯುತ್ತದೆ. ಡಿಸೆಂಬರಿನಿಂದ ಮೇ ತಿಂಗಳವರೆಗೆ ಅಳಿವೆಯ ಮಣ್ಣಿಗೆ ಮಳೆಯ ಹನಿ ಅಪರೂಪ. ಅಂದರೆ ನಮ್ಮ ಉಪ್ಪುನೀರಿನ ಗಿಡಗಳು ಪ್ರತಿವರ್ಷವೂ ಒಂದು ಸಣ್ಣ ಬರವನ್ನು ದಾಟಿಯೇ ಬದುಕುತ್ತವೆ, ಅದಕ್ಕೆ ಹೊಂದಿಕೊಂಡೂ ಇವೆ. ತೊಂದರೆ ಬರುವುದು ಆ ಒಣ ಕಾಲ ಎರಡೂ ತುದಿಗಳಲ್ಲಿ ಹಿಗ್ಗಿದಾಗ. ಮಳೆಗಾಲ ಬೇಗ ಮುಗಿದು ಹೊಳೆ ಬೇಗ ಸೊರಗಿದರೆ ಉಪ್ಪುನೀರು ಬೇಗ ಒಳನುಗ್ಗುತ್ತದೆ, ಮುಂಗಾರು ತಡವಾದರೆ ಉಪ್ಪು ತೊಳೆಯುವ ದಿನ ಮುಂದಕ್ಕೆ ಹೋಗುತ್ತದೆ. 2023ರಲ್ಲಿ ಮುಂಗಾರು ಕೇರಳಕ್ಕೆ ಬಂದದ್ದೇ ಜೂನ್ 8ರಂದು, ಆ ವರ್ಷದ ಆಗಸ್ಟ್ ದೇಶದ ಮಟ್ಟದಲ್ಲಿ 1901ರಿಂದೀಚೆಗೆ ಅತ್ಯಂತ ಕಡಿಮೆ ಮಳೆಯ ಆಗಸ್ಟ್ ಆಗಿತ್ತು, ಕರ್ನಾಟಕ ಸರ್ಕಾರ 236 ತಾಲ್ಲೂಕುಗಳ ಪೈಕಿ 223ನ್ನು ಬರಪೀಡಿತವೆಂದು ಘೋಷಿಸಿತ್ತು. ವಾರ್ಷಿಕ ಮಳೆಯ ಮೊತ್ತವೊಂದನ್ನೇ ನೋಡಿ ಕರಾವಳಿಗೆ ಬರವಿಲ್ಲ ಎನ್ನುವುದು ಅಳಿವೆಯ ಗಿಡಗಳ ಮಟ್ಟಿಗೆ ನಿಲ್ಲದ ಮಾತು. ಸಿರಸಿಯ ಘಟ್ಟದ ಮೇಲೆ ಬಿದ್ದ ಮಳೆಯೂ ಈ ಲೆಕ್ಕದಲ್ಲಿ ಸೇರುತ್ತದೆ, ಏಕೆಂದರೆ ಅಘನಾಶಿನಿ ಹುಟ್ಟುವುದು ಅಲ್ಲಿ, ಬೇಸಿಗೆಯಲ್ಲಿ ಅಳಿವೆಗೆ ಇಳಿಯುವ ಸಿಹಿನೀರು ಘಟ್ಟದ ಕಾಡು ಹಿಡಿದಿಟ್ಟುಕೊಂಡು ಬಿಡುವ ನೀರು.

ಉಪ್ಪು ಹೆಚ್ಚಾದಾಗ ಗಿಡದೊಳಗೆ ಏನಾಗುತ್ತದೆ?

ಗಿಡಗಳು ಉಪ್ಪನ್ನು ಎದುರಿಸುವ ದಾರಿಗಳು ಹಲವು. ರೈಜೋಫೊರಾ ಜಾತಿಯ ಕಾಂಡ್ಲಾ ಬಹುಪಾಲು ಉಪ್ಪನ್ನು ಬೇರಿನಲ್ಲೇ ಸೋಸಿ ಹೊರಗಿಡುತ್ತದೆ. ಅವಿಸೆನ್ನಿಯಾ ಎಂಬ ಮತ್ತೊಂದು ಬಗೆಯ ಕಾಂಡ್ಲಾ ಸ್ವಲ್ಪ ಉಪ್ಪನ್ನು ಒಳಬಿಟ್ಟುಕೊಂಡು ಎಲೆಯ ಗ್ರಂಥಿಗಳ ಮೂಲಕ ಹೊರಹಾಕುತ್ತದೆ. ಬೇಸಿಗೆಯಲ್ಲಿ ಅದರ ಎಲೆಯನ್ನು ಬೆರಳಿನಿಂದ ಸವರಿ ನಾಲಗೆಗೆ ತಾಗಿಸಿಕೊಂಡರೆ ಉಪ್ಪಿನ ರುಚಿ ಸಿಗುತ್ತದೆ. ಸೆಸುವಿಯಮ್‌ನಂಥ ಗಿಡಗಳು ದಪ್ಪ ಎಲೆಗಳಲ್ಲಿ ನೀರು ತುಂಬಿಕೊಂಡು, ಉಪ್ಪನ್ನು ಜೀವಕೋಶದೊಳಗಿನ ಚೀಲಗಳಲ್ಲಿ ಬೇರ್ಪಡಿಸಿ ಇಡುತ್ತವೆ.

ಈ ಯಾವ ದಾರಿಯೂ ಪುಕ್ಕಟೆಯಲ್ಲ. ಜೀವಕೋಶದ ಉಳಿದ ಭಾಗ ನೀರು ಕಳೆದುಕೊಳ್ಳದಂತೆ ಗಿಡಗಳು ಪ್ರೋಲೀನ್, ಗ್ಲೈಸಿನ್ ಬೀಟೇನ್ ಮುಂತಾದ ವಸ್ತುಗಳನ್ನು ತಯಾರಿಸುತ್ತವೆ. ಇವುಗಳಿಗೆ ಸಾರಜನಕ ಬೇಕು, ಹಾಗಾಗಿ ಹೊಸ ಎಲೆ ಮತ್ತು ಬೇರಿಗೆ ಹೋಗಬೇಕಾದ ಸಾರಜನಕ ಬದುಕುಳಿಯುವ ಕೆಲಸಕ್ಕೆ ಹೋಗುತ್ತದೆ. ನೀರು ಉಳಿಸಲು ಎಲೆಯ ರಂಧ್ರಗಳನ್ನು ಮುಚ್ಚಿಕೊಂಡಾಗ ಇಂಗಾಲದ ಡೈಆಕ್ಸೈಡ್ ಒಳಬರುವುದೂ ನಿಂತು ಆಹಾರ ತಯಾರಿಕೆ ಇಳಿಯುತ್ತದೆ. ಗಿಡ ಕುಳ್ಳಗಾಗುತ್ತದೆ, ಎಲೆ ಸಣ್ಣದಾಗುತ್ತದೆ, ಹೂವು ಕಡಿಮೆಯಾಗುತ್ತದೆ. ಇಂಥ ಗಿಡ ನೋಡಲು ಬದುಕಿಯೇ ಇರುತ್ತದೆ, ಆದರೆ ಹುಳುವೋ ಶಿಲೀಂಧ್ರವೋ ಮಾಡಿದ ಗಾಯವನ್ನು ಮಾಯಿಸಿಕೊಳ್ಳಲು ಬೇಕಾದ ಉಳಿತಾಯ ಅದರ ಬಳಿ ಇರುವುದಿಲ್ಲ. ಮುಂದಿನ ಉತ್ತರಗಳಲ್ಲಿ ಬರುವ ಎಲ್ಲ ಸಂಗತಿಗಳ ಬೇರು ಇಲ್ಲಿದೆ.

ಬೀಜಗಳ ಕಥೆಯೂ ಇದರ ಜೊತೆಗೆ ಸೇರುತ್ತದೆ. ಉಪ್ಪು ತಾಳುವ ಗಿಡಗಳ ಬೀಜಗಳು ಸಾಮಾನ್ಯವಾಗಿ ಮೊಳೆಯುವುದು ಮಣ್ಣಿನ ಉಪ್ಪು ಇಳಿದ ಹೊತ್ತಿನಲ್ಲಿ, ಅಂದರೆ ಮಳೆಯ ಬಳಿಕ. ತಾಯಿಮರದ ಮೇಲೆಯೇ ಮೊಳೆತು ಉದ್ದನೆಯ ಕೋಡಿನಂತೆ ಇಳಿಬೀಳುವ ರೈಜೋಫೊರಾದ ಸಸಿ ಈ ಕಷ್ಟದ ಹಂತವನ್ನು ದಾಟಿಯೇ ಕೆಸರಿಗೆ ಬರುತ್ತದೆ, ಆದರೆ ಹುಲ್ಲು ಮತ್ತು ಸಣ್ಣ ಗಿಡಗಳಿಗೆ ಆ ಅನುಕೂಲವಿಲ್ಲ.

ಮಣ್ಣು ಒಣಗಿದರೆ ಹುಳಿಯಾಗುತ್ತದೆ ಎನ್ನುತ್ತಾರೆ, ನಿಜವೇ?

ಕೆಲವು ಜಾಗಗಳಲ್ಲಿ ನಿಜ. ಸದಾ ನೆನೆದಿರುವ ಉಪ್ಪುಕೆಸರಿನಲ್ಲಿ ಗಾಳಿಯಿಲ್ಲದೆ ಬದುಕುವ ಬ್ಯಾಕ್ಟೀರಿಯಾಗಳು ಕಡಲನೀರಿನ ಸಲ್ಫೇಟನ್ನು ಸಲ್ಫೈಡಾಗಿ ಮಾರ್ಪಡಿಸುತ್ತವೆ. ಕೆಸರನ್ನು ಕೆದಕಿದಾಗ ಬರುವ ಕೊಳೆತ ಮೊಟ್ಟೆಯ ವಾಸನೆ ಅದರದ್ದೇ. ಈ ಸಲ್ಫೈಡ್ ಕಬ್ಬಿಣದೊಂದಿಗೆ ಸೇರಿ ಮಣ್ಣಿನಲ್ಲಿ ಉಳಿಯುತ್ತದೆ, ನೆನೆದಿರುವವರೆಗೆ ತಣ್ಣಗಿರುತ್ತದೆ. ದೀರ್ಘ ಬರದಲ್ಲಿ ಮಣ್ಣು ಬಿರಿದು ಗಾಳಿ ಒಳಹೊಕ್ಕರೆ ಅದು ಗಂಧಕಾಮ್ಲವಾಗಿ ಬದಲಾಗುತ್ತದೆ, ಹುಳಿ ಹೆಚ್ಚಿದಂತೆ ಅಲ್ಯೂಮಿನಿಯಂನಂಥ ಲೋಹಗಳು ಕರಗಿ ಬೇರಿಗೆ ವಿಷವಾಗುತ್ತವೆ. ಕೇರಳದ ಕುಟ್ಟನಾಡಿನಲ್ಲಿ ಇಂಥ ಹುಳಿಮಣ್ಣು ರೈತರಿಗೆ ಹಳೆಯ ತಲೆನೋವು. 2000ನೇ ಇಸವಿಯ ಬರದಲ್ಲಿ ಅಮೆರಿಕದ ಲೂಸಿಯಾನಾ ರಾಜ್ಯದ ಉಪ್ಪುಜವುಗಿನ ಹುಲ್ಲು ವಿಸ್ತಾರವಾಗಿ ಕಂದಿ ಸತ್ತಾಗ ಸಂಶೋಧಕರು ಪರಿಶೀಲಿಸಿದ ಕಾರಣಗಳಲ್ಲಿ ಇದೂ ಒಂದು.

ಕಷ್ಟಕಾಲದಲ್ಲಿ ಒಂದು ಗಿಡ ಮತ್ತೊಂದಕ್ಕೆ ನೆರವಾಗುತ್ತದೆಯೇ, ಇಲ್ಲವೇ ನೀರಿಗಾಗಿ ಕಿತ್ತಾಡುತ್ತದೆಯೇ?

ಎರಡೂ ನಡೆಯುತ್ತವೆ, ಯಾವುದು ಮೇಲಾಗುತ್ತದೆ ಎಂಬುದು ಕಷ್ಟ ಎಷ್ಟಿದೆ ಎಂಬುದರ ಮೇಲೆ ನಿಲ್ಲುತ್ತದೆ. ಮಾರ್ಕ್ ಬರ್ಟ್‌ನೆಸ್ ಮತ್ತು ರೇಗನ್ ಕ್ಯಾಲವೇ ಎಂಬ ವಿಜ್ಞಾನಿಗಳು 1994ರಲ್ಲಿ ಮಂಡಿಸಿದ ವಿಚಾರದ ಪ್ರಕಾರ, ಪರಿಸ್ಥಿತಿ ಹಿತವಾಗಿದ್ದಾಗ ಗಿಡಗಳ ನಡುವೆ ಪೈಪೋಟಿ ಹೆಚ್ಚು, ಪರಿಸ್ಥಿತಿ ಕಠಿಣವಾದಂತೆ ನೆರವಿನ ಸಂಬಂಧಗಳ ತೂಕ ಹೆಚ್ಚುತ್ತದೆ. ಉಪ್ಪುಜವುಗಿನಲ್ಲಿ ಇದರ ಕಾರಣ ಸರಳ: ಒಂದು ಗಿಡದ ನೆರಳು ಬಿದ್ದ ಮಣ್ಣಿನಿಂದ ನೀರು ಕಡಿಮೆ ಆವಿಯಾಗುತ್ತದೆ, ಆದ್ದರಿಂದ ಉಪ್ಪೂ ಕಡಿಮೆ ಸೇರುತ್ತದೆ. ಅಮೆರಿಕದ ಈಶಾನ್ಯ ಕರಾವಳಿಯ ಪ್ರಯೋಗಗಳಲ್ಲಿ ಬೋಳು ನೆಲದಲ್ಲಿ ಉಪ್ಪಿನಿಂದ ಸಾಯುವ ಗಿಡಗಳು ನೆರೆಯ ಗಿಡದ ನೆರಳಿನಲ್ಲಿ ಬದುಕುಳಿದದ್ದು ಕಂಡುಬಂತು.

ಇದರಿಂದ ಹೊರಡುವ ಒಂದು ಮಾತನ್ನು ಒತ್ತಿ ಹೇಳಬೇಕು. ಬರದಲ್ಲಿ ಒಂದು ಗಿಡ ಸತ್ತರೆ ನಷ್ಟವಾಗುವುದು ಆ ಒಂದು ಗಿಡವಷ್ಟೇ ಅಲ್ಲ, ಅದು ಕೊಡುತ್ತಿದ್ದ ನೆರಳೂ ಹೋಗುತ್ತದೆ. ನೆರಳು ಹೋದ ಕಡೆ ಉಪ್ಪು ಏರುತ್ತದೆ, ಉಪ್ಪು ಏರಿದ ಕಡೆ ಹೊಸ ಬೀಜ ಮೊಳೆಯುವುದಿಲ್ಲ. ಹೀಗೆ ಸಣ್ಣ ಬೋಳು ತೇಪೆಯೊಂದು ತನ್ನನ್ನು ತಾನೇ ಕಾಪಾಡಿಕೊಳ್ಳುತ್ತ ಹಿಗ್ಗುತ್ತದೆ. ಆದರೆ ನೆರವಿಗೂ ಮಿತಿಯಿದೆ. ಬರ ವಿಪರೀತವಾದಾಗ ನೆರಳು ಕೊಡಬೇಕಾದ ಗಿಡವೇ ಮೊದಲು ಬಾಡಿದರೆ ಅದರ ಆಸರೆಯಲ್ಲಿದ್ದವೂ ಜೊತೆಗೇ ಹೋಗುತ್ತವೆ.

ಬಸವನಹುಳುವಿನಂಥ ಸಣ್ಣ ಪ್ರಾಣಿ ಜವುಗನ್ನೇ ಬೋಳಾಗಿಸಬಲ್ಲದೇ?

ಬರದ ಜೊತೆ ಸೇರಿದರೆ ಬಲ್ಲದು. ಈ ವಿಷಯದಲ್ಲಿ ಅತ್ಯಂತ ಚೆನ್ನಾಗಿ ದಾಖಲಾದ ಪ್ರಸಂಗ ಅಮೆರಿಕದ ಆಗ್ನೇಯ ಕರಾವಳಿಯದು. ಅಲ್ಲಿನ ಜವುಗನ್ನು ಆಳುವುದು ಸ್ಪಾರ್ಟಿನಾ ಎಂಬ ಹುಲ್ಲು, ಅದರ ದಂಟನ್ನು ಏರಿ ಇಳಿಯುವುದು ಲಿಟ್ಟೊರೇರಿಯಾ ಎಂಬ ಬಸವನಹುಳು. ಇದು ಎಲೆಯನ್ನು ಕೆರೆದು ಗಾಯ ಮಾಡುತ್ತದೆ, ಆ ಗಾಯದಲ್ಲಿ ಶಿಲೀಂಧ್ರ ಬೆಳೆಯುತ್ತದೆ, ಹುಳು ಮತ್ತೆ ಬಂದು ಆ ಶಿಲೀಂಧ್ರವನ್ನು ಮೇಯುತ್ತದೆ. ಬ್ರಯನ್ ಸಿಲ್ಲಿಮನ್ ಮತ್ತು ಸ್ಟೀವನ್ ನ್ಯೂವೆಲ್ 2003ರಲ್ಲಿ ಇದನ್ನು ಒಂದು ಬಗೆಯ ಶಿಲೀಂಧ್ರ ಸಾಗುವಳಿ ಎಂದು ವಿವರಿಸಿದರು. ಹುಲುಸಾಗಿ ಬೆಳೆದ ಹುಲ್ಲು ಮಿತವಾದ ಸಂಖ್ಯೆಯ ಹುಳುಗಳನ್ನು ತಾಳಿಕೊಳ್ಳುತ್ತದೆ. ನೀಲಿ ಏಡಿಯಂಥ ಬೇಟೆಗಾರರು ಹುಳುಗಳನ್ನು ತಿಂದು ಸಂಖ್ಯೆಯನ್ನು ಹಿಡಿತದಲ್ಲಿಡುತ್ತವೆ.

2000ದ ನಂತರದ ತೀವ್ರ ಬರದಲ್ಲಿ ಆ ಕರಾವಳಿಯ ಹುಲ್ಲು ದೊಡ್ಡ ಪ್ರಮಾಣದಲ್ಲಿ ಸತ್ತಾಗ ಎಲ್ಲರೂ ಬರವನ್ನೇ ಕಾರಣವೆಂದರು. 2005ರಲ್ಲಿ ಸಿಲ್ಲಿಮನ್ ಮತ್ತು ಸಂಗಡಿಗರು ಪ್ರಕಟಿಸಿದ ಅಧ್ಯಯನ ಚಿತ್ರವನ್ನು ಬದಲಿಸಿತು. ಮೂರು ರಾಜ್ಯಗಳಲ್ಲಿ ಅವರು ನೋಡಿದ 12 ಜಾಗಗಳ ಪೈಕಿ 11ರಲ್ಲಿ, ಸತ್ತ ಹುಲ್ಲಿನ ಅಂಚಿನುದ್ದಕ್ಕೂ ಹುಳುಗಳು ದಟ್ಟವಾದ ಸಾಲುಗಟ್ಟಿ ನಿಂತಿದ್ದವು. ಬಲೆಯ ಪಂಜರ ಹಾಕಿ ಹುಳುಗಳನ್ನು ಹೊರಗಿಟ್ಟ ಕಡೆ ಹುಲ್ಲು ಉಳಿಯಿತು, ಉಳಿದ ಕಡೆ ಹುಳುಗಳ ಸಾಲು ಆರೋಗ್ಯವಾಗಿದ್ದ ಹುಲ್ಲಿನೊಳಕ್ಕೂ ಮುನ್ನುಗ್ಗಿ ಅದನ್ನು ಬರೀ ಕೆಸರುಬಯಲಾಗಿಸಿತು. ಬರ ಮತ್ತು ಉಪ್ಪು ಹುಲ್ಲನ್ನು ಸೋಲಿಸಿದ್ದವು. ಸತ್ತ ಹುಲ್ಲಿನಿಂದ ಆಹಾರ ಸಿಗದೆ ಅಂಚಿಗೆ ಸರಿದು ಗುಂಪುಗೂಡಿದ ಹುಳುಗಳು ಬರ ಮುಗಿದ ಮೇಲೂ ನಾಶವನ್ನು ಮುಂದುವರಿಸಿದವು.

ನಮ್ಮ ಅಳಿವೆಗಳಲ್ಲೂ ಲಿಟ್ಟೊರೇರಿಯಾ ಕುಲದ ಹುಳುಗಳು ಕಾಂಡ್ಲಾದ ಕಾಂಡ ಮತ್ತು ಎಲೆಗಳ ಮೇಲೆ ಇರುತ್ತವೆ, ಆದರೆ ಅವು ಅಮೆರಿಕದ ಹುಳುವಿನಂತೆ ಹುಲ್ಲುಗಾವಲನ್ನು ಬೋಳಾಗಿಸುತ್ತವೆ ಎಂದು ಅರ್ಥ ಮಾಡಿಕೊಳ್ಳಬಾರದು. ಅವುಗಳನ್ನು ಕಂಡಲ್ಲಿ ಕೀಳಬೇಕಾದ ಅಗತ್ಯವೂ ಇಲ್ಲ.

ಹಾಗಾದರೆ ಏಡಿಗಳು ಗಿಡಕ್ಕೆ ಮಿತ್ರರೋ ಶತ್ರುಗಳೋ?

ಒಂದೇ ಮಾತಿನಲ್ಲಿ ಹೇಳಲಾಗದು. ಏಡಿ ಕೊರೆದ ಬಿಲ ಕೆಸರಿಗೆ ಗಾಳಿ ಮುಟ್ಟಿಸುತ್ತದೆ, ಉಬ್ಬರದ ನೀರನ್ನು ಆಳಕ್ಕೆ ಇಳಿಸಿ ಸೇರಿದ ಉಪ್ಪನ್ನು ಹೊರತರಲು ನೆರವಾಗುತ್ತದೆ, ಬಿದ್ದ ಎಲೆಗಳನ್ನು ಏಡಿ ಬಿಲಕ್ಕೆ ಎಳೆದು ಗೊಬ್ಬರವಾಗಿಸುತ್ತದೆ. ಕಾಂಡ್ಲಾ ಕಾಡಿನ ಮಟ್ಟಿಗೆ ಇದು ದೊಡ್ಡ ಉಪಕಾರ. ಆದರೆ ಕೆಲವು ಜಾತಿಯ ಏಡಿಗಳು ಎಳೆಯ ಗಿಡವನ್ನೇ ಕತ್ತರಿಸಿ ತಿನ್ನುತ್ತವೆ. ಚೀನಾದ ಹಳದಿ ನದಿಯ ಮುಖಜಭೂಮಿಯಲ್ಲಿ ಬರದಿಂದ ಸುಯೇಡಾ ಸಾಲ್ಸಾ ಎಂಬ ಗಿಡ ಸತ್ತ ಜಾಗಗಳನ್ನು ಅಧ್ಯಯನ ಮಾಡಿದ ಕಿಯಾಂಗ್ ಹೆ ಮತ್ತು ಸಂಗಡಿಗರು 2017ರಲ್ಲಿ ವರದಿ ಮಾಡಿದ್ದು ಹೀಗೆ: ಬರ ಕಳೆದ ಮೇಲೆ ಏಡಿಗಳನ್ನು ಹೊರಗಿಟ್ಟ ಕಡೆ ಗಿಡ ಮರಳಿ ಬಂತು, ಏಡಿಗಳು ಓಡಾಡುತ್ತಿದ್ದ ಕಡೆ ಮೊಳಕೆಗಳು ಏಳುತ್ತಿದ್ದಂತೆಯೇ ಮಾಯವಾದವು. ಮೊದಲು ಲಕ್ಷಾಂತರ ಗಿಡಗಳ ನಡುವೆ ಹಂಚಿಹೋಗುತ್ತಿದ್ದ ಮೇಯುವಿಕೆ ಈಗ ಬೆರಳೆಣಿಕೆಯ ಮೊಳಕೆಗಳ ಮೇಲೆ ಬಿದ್ದದ್ದೇ ಇದಕ್ಕೆ ಕಾರಣ.

ನಮ್ಮಲ್ಲಿ ಬಿಡಾಡಿ ದನಗಳು ಒಣ ಕಾಲದಲ್ಲಿ ಗಜನಿಯಂಚಿನ ಹಸಿರಿಗೆ ಬಾಯಿ ಹಾಕುವುದನ್ನೂ ಇದೇ ರೀತಿ ಯೋಚಿಸಬೇಕು. ಒಳ್ಳೆಯ ವರ್ಷದಲ್ಲಿ ಲೆಕ್ಕಕ್ಕೆ ಬಾರದ ಮೇವು ಬರದ ವರ್ಷದ ಕೊನೆಯಲ್ಲಿ ಉಳಿದ ಗಿಡಗಳ ಪಾಲಿಗೆ ಭಾರವಾಗಬಹುದು.

ಬೆಳಚು, ನೀಲಿಕಲ್ಲು ಎಂಬ ಚಿಪ್ಪುಜೀವಿಗಳಿಗೂ ಗಿಡಗಳಿಗೂ ಏನು ಸಂಬಂಧ?

ಅಮೆರಿಕದ ಅದೇ ಸ್ಪಾರ್ಟಿನಾ ಜವುಗಿನಲ್ಲಿ ಹುಲ್ಲಿನ ಬುಡಕ್ಕೆ ಗುಂಪಾಗಿ ಅಂಟಿಕೊಂಡು ಬದುಕುವ ಒಂದು ಬಗೆಯ ಚಿಪ್ಪುಜೀವಿಯಿದೆ, ನಮ್ಮ ಬಂಡೆಗಳ ಮೇಲಿನ ನೀಲಿಕಲ್ಲಿನ ದೂರದ ಬಂಧು. ಇದು ನೀರನ್ನು ಸೋಸಿ ಹೊರಬಿಡುವ ಕೊಳೆ ಹುಲ್ಲಿಗೆ ಗೊಬ್ಬರವಾಗುತ್ತದೆ, ಅದರ ಗುಂಪು ಕಟ್ಟುವ ದಿಬ್ಬ ನೀರನ್ನು ಹಿಡಿದಿಟ್ಟುಕೊಂಡು ಉಪ್ಪಿನ ಕಾಟವನ್ನು ತಗ್ಗಿಸುತ್ತದೆ. ಕ್ರಿಸ್ಟೀನ್ ಆಂಜೆಲಿನಿ ಮತ್ತು ಸಂಗಡಿಗರು 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಬರದಿಂದ ಸುತ್ತಲಿನ ಹುಲ್ಲು ಸತ್ತರೂ ಈ ದಿಬ್ಬಗಳ ಮೇಲಿನ ಹುಲ್ಲು ಉಳಿದದ್ದು ಕಂಡಿತು. ಬರ ಮುಗಿದ ಮೇಲೆ ಆ ಉಳಿದ ಕುಚ್ಚುಗಳಿಂದಲೇ ಹುಲ್ಲು ಸುತ್ತಲೂ ಹಬ್ಬಿತು. ಜವುಗಿನ ಒಟ್ಟು ವಿಸ್ತಾರದಲ್ಲಿ ಅತಿ ಸಣ್ಣ ಪಾಲಿನ ಜಾಗ ಹಿಡಿದ ಜೀವಿಯೊಂದು ಇಡೀ ಜವುಗಿನ ಚೇತರಿಕೆಯನ್ನು ನಿರ್ಧರಿಸಬಲ್ಲದು ಎಂಬುದು ನನ್ನನ್ನು ಬಹಳ ಕಾಡಿದ ಸಂಗತಿ.

ಅಘನಾಶಿನಿಯ ಬೆಳಚು ಗಿಡದ ಬುಡಕ್ಕೆ ಅಂಟಿ ದಿಬ್ಬ ಕಟ್ಟುವುದಿಲ್ಲ, ಅದು ಮರಳುಕೆಸರಿನಲ್ಲಿ ಹೂತುಕೊಂಡು ಬದುಕುವ ಜೀವಿ. ಆದ್ದರಿಂದ ಅದೇ ನಂಟು ಇಲ್ಲೂ ಇದೆ ಎಂದು ಹೇಳಲಾಗದು. ಬೆಳಚಿಗೆ ಮುಖ್ಯವಾದದ್ದು ಉಪ್ಪು ಮತ್ತು ಸಿಹಿನೀರಿನ ಹದ. ಶರಾವತಿ ಇದಕ್ಕೆ ಸಾಕ್ಷಿ. ಆದರೆ ಅಲ್ಲಿ ಆದದ್ದು ಬರಕ್ಕೆ ನೇರ ಎದುರಾದ ಬದಲಾವಣೆ: ವಿದ್ಯುತ್ ಉತ್ಪಾದನೆಯ ನಂತರ ಅಣೆಕಟ್ಟಿನಿಂದ ಬೇಸಿಗೆಯಲ್ಲೂ ಸಿಹಿನೀರು ಬರುತ್ತಲೇ ಇರುವುದರಿಂದ ಅಳಿವೆಯ ಉಪ್ಪು ಇಳಿದು, ತಿನ್ನುವ ಬೆಳಚಿನ ಬಹುತೇಕ ಜಾತಿಗಳು ಆ ಅಳಿವೆಯಿಂದ ಮರೆಯಾದವು ಎಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ದಾಖಲಿಸಿದ್ದಾರೆ. ಅಣೆಕಟ್ಟಿಲ್ಲದ ಅಘನಾಶಿನಿಯಲ್ಲಿ ಬೆಳಚು ಸಾವಿರಾರು ಮನೆಗಳ ಒಲೆ ಹೊತ್ತಿಸುತ್ತಿದೆ. ಉಪ್ಪು ಏರಿದರೂ ಇಳಿದರೂ ಹದ ಕೆಟ್ಟರೆ ಕೆಟ್ಟಿತು.

ಅಣೆಕಟ್ಟಿನಿಂದ ಬೇಸಿಗೆಯಲ್ಲಿ ನೀರು ಬರುವುದಾದರೆ ಕಾಳಿ ಮತ್ತು ಶರಾವತಿಗೆ ಬರದ ಭಯವಿಲ್ಲವೇ?

ಅಣೆಕಟ್ಟಿರುವ ನದಿಯಲ್ಲಿ ಸಿಹಿನೀರಿನ ಲೆಕ್ಕ ಮಳೆಯ ಬದಲು ಜಲಾಶಯದ ನಿರ್ವಹಣೆಯ ಕೈಯಲ್ಲಿರುತ್ತದೆ. ನೀರು ಬಿಡುತ್ತಿರುವವರೆಗೆ ಬೇಸಿಗೆಯ ಉಪ್ಪು ತಗ್ಗಿಯೇ ಇರುತ್ತದೆ, ಅಲ್ಲಿನ ಗಿಡಗಳೂ ಆ ತಗ್ಗಿದ ಉಪ್ಪಿಗೆ ಹೊಂದಿಕೊಂಡು ಬೆಳೆಯುತ್ತವೆ. ಜಲಾಶಯ ಬರಿದಾದ ವರ್ಷ ಬಿಡುಗಡೆ ಕಡಿಮೆಯಾದರೆ, ಉಪ್ಪಿನ ಅಭ್ಯಾಸ ತಪ್ಪಿದ ಗಿಡಗಳಿಗೆ ಒಮ್ಮೆಲೇ ಬಿಸಿ ತಟ್ಟುತ್ತದೆ. ಬೇಡ್ತಿ (ಘಟ್ಟದ ಮೇಲೆ ಗಂಗಾವಳಿಗಿರುವ ಹೆಸರು)–ವರದಾ ಜೋಡಣೆಯಂಥ ನದಿ ತಿರುವಿನ ಪ್ರಸ್ತಾಪಗಳನ್ನು ತೂಗುವಾಗ ಘಟ್ಟದ ಮೇಲಿನ ಕಾಡಿನಷ್ಟೇ ಗಂಗಾವಳಿಯ ಅಳಿವೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ, ಏಕೆಂದರೆ ಮೇಲೆ ತಿರುಗಿಸಿದ ಪ್ರತಿ ಹರಿವೂ ಕೆಳಗೆ ಬರದಂತೆಯೇ ವರ್ತಿಸುತ್ತದೆ.

ಕಾಂಡ್ಲಾ ಮರಗಳೂ ಬರದಿಂದ ಒಣಗುತ್ತವೆಯೇ?

ಒಣಗುತ್ತವೆ. 2015ರ ಕೊನೆಯಲ್ಲಿ ಉತ್ತರ ಆಸ್ಟ್ರೇಲಿಯಾದ ಕಾರ್ಪೆಂಟೇರಿಯಾ ಕೊಲ್ಲಿಯ ಕರಾವಳಿಯಲ್ಲಿ ಸುಮಾರು 1,000 ಕಿಲೋಮೀಟರ್ ಉದ್ದಕ್ಕೂ 7,400 ಹೆಕ್ಟೇರಿನಷ್ಟು ಕಾಂಡ್ಲಾ ಕಾಡು ಕೆಲವೇ ತಿಂಗಳಲ್ಲಿ ಸತ್ತಿತು. ಆಗಿನ ಪ್ರಬಲ ಎಲ್ ನಿನೋದಿಂದಾಗಿ ಮಳೆ ಕೈಕೊಟ್ಟು ಬಿಸಿಲು ಏರಿದ ಹೊತ್ತಿನಲ್ಲೇ ಅಲ್ಲಿನ ಕಡಲಮಟ್ಟವೂ ತಾತ್ಕಾಲಿಕವಾಗಿ ತಗ್ಗಿ, ಮರಗಳ ಬುಡಕ್ಕೆ ಉಬ್ಬರದ ನೀರು ಕೂಡ ಸರಿಯಾಗಿ ತಲುಪಲಿಲ್ಲ. ಎರಡು ಕಡೆಯಿಂದಲೂ ನೀರು ತಪ್ಪಿದಾಗ ಉಪ್ಪು ಎಷ್ಟು ತಾಳುವ ಮರವೂ ನಿಲ್ಲಲಾರದು. ನಮ್ಮಲ್ಲಿ ಇಂಥದ್ದೇ ಸ್ಥಿತಿಯನ್ನು ಮನುಷ್ಯರೇ ತಂದೊಡ್ಡಬಹುದು: ರಸ್ತೆ ಅಥವಾ ಕಟ್ಟೆ ಹಾಕುವಾಗ ಉಬ್ಬರದ ಕಾಲುವೆಯನ್ನು ಮುಚ್ಚಿದರೆ ಅದರ ಹಿಂದಿನ ಕಾಂಡ್ಲಾಕ್ಕೆ ಒಳ್ಳೆಯ ಮಳೆಯ ವರ್ಷದ ಬೇಸಿಗೆಯೂ ಬರವೇ.

ಗಜನಿಯ ಕಗ್ಗ ಭತ್ತಕ್ಕೂ ಇದೇ ಕಷ್ಟವೇ?

ಕಗ್ಗ ಉಪ್ಪು ತಾಳುವ ಭತ್ತವಾದರೂ ಅದರ ಬೇಸಾಯ ನಿಂತಿರುವುದು ಮುಂಗಾರಿನ ಮೊದಲ ಮಳೆಗಳ ಮೇಲೆ. ಆ ಮಳೆ ಗದ್ದೆಯ ಉಪ್ಪನ್ನು ತೊಳೆದು ಇಳಿತದ ಹೊತ್ತಿಗೆ ತೂಬಿನಿಂದ ಹೊರಹೋದ ಮೇಲೆಯೇ ಬಿತ್ತನೆ. ಕಾಡುಗಿಡಗಳ ಬೀಜ ಮಳೆಗಾಗಿ ಕಾಯುವಂತೆಯೇ ಕುಮಟಾ ತಾಲ್ಲೂಕಿನ ಮಾಣಿಕಟ್ಟಾದ ರೈತರೂ ಕಾಯುತ್ತಾರೆ. ಬಿತ್ತಿದ ಮೇಲೆ ಮಳೆ ಬಿಡುವು ಕೊಟ್ಟರೆ ಎಳೆ ಪೈರಿನ ಬುಡಕ್ಕೆ ಉಪ್ಪು ಮತ್ತೆ ಏರುತ್ತದೆ. ಕೊಯ್ಲಿನ ನಂತರ ಗಜನಿಗೆ ಉಪ್ಪುನೀರು ಬಿಟ್ಟಾಗ ಕೊಳೆಯುವ ಕೂಳೆ ಸೀಗಡಿ ಮತ್ತು ಮೀನಿಗೆ ಆಹಾರವಾಗುವುದರಿಂದ ಪೈರು ಸೋತ ವರ್ಷ ಆ ಆಹಾರವೂ ಕಡಿಮೆ. ಗಿಡ, ಸೀಗಡಿ, ಮನುಷ್ಯ ಮೂವರೂ ಒಂದೇ ನೀರಿನ ಹದಕ್ಕೆ ಕಟ್ಟುಬಿದ್ದಿರುವುದನ್ನು ಇದಕ್ಕಿಂತ ಸ್ಪಷ್ಟವಾಗಿ ತೋರಿಸುವ ಜಾಗ ನಮ್ಮ ಜಿಲ್ಲೆಯಲ್ಲಿ ಬೇರೆಯಿಲ್ಲ.

ಮಳೆ ಬಂದ ಮೇಲೆ ಎಲ್ಲವೂ ತಾನಾಗಿಯೇ ಸರಿಹೋಗುತ್ತದೆಯಲ್ಲವೇ?

ಉಪ್ಪು ಬೇಗ ತೊಳೆದುಹೋಗುತ್ತದೆ, ಅದರಲ್ಲೂ ನಮ್ಮ ಮುಂಗಾರಿನ ರಭಸಕ್ಕೆ. ಈ ವಿಷಯದಲ್ಲಿ ಮಳೆ ಕಡಿಮೆಯಿರುವ ನಾಡುಗಳಿಗಿಂತ ನಾವು ಅದೃಷ್ಟವಂತರು. ಆದರೆ ಉಪ್ಪು ಹೋದಷ್ಟು ಬೇಗ ಗಿಡ ಬರುವುದಿಲ್ಲ. ನೆಲದೊಳಗಿನ ಗೆಡ್ಡೆ-ಬೇರು ಜೀವಂತವಾಗಿದ್ದರೆ ಒಂದೆರಡು ಮಳೆಗಾಲದಲ್ಲಿ ಹಸಿರು ಮರಳುತ್ತದೆ. ಬೇರೂ ಸತ್ತಿದ್ದರೆ ಬೀಜ ಹೊರಗಿನಿಂದ ಬರಬೇಕು, ಬಂದದ್ದು ಮೊಳೆಯಬೇಕು, ಮೊಳೆತದ್ದು ಏಡಿ ಮತ್ತು ದನದ ಬಾಯಿಯಿಂದ ಉಳಿಯಬೇಕು. ಅಷ್ಟರಲ್ಲಿ ಕೊಳೆತ ಬೇರು ಹಿಡಿದಿಟ್ಟುಕೊಂಡಿದ್ದ ಕೆಸರು ಕುಸಿದು ಕೊಚ್ಚಿಹೋದರೆ ಆ ನೆಲದ ಎತ್ತರವೇ ಬದಲಾಗಿ ಹಿಂದಿನ ಗಿಡ ಅಲ್ಲಿ ಮತ್ತೆ ಬೆಳೆಯಲಾರದು.

ಸತ್ತ ಜಾಗದಲ್ಲಿ ಸಸಿ ನೆಟ್ಟರೆ ಸಾಲದೇ?

ನೆಡುವ ಮೊದಲು ಅಲ್ಲಿ ಗಿಡ ಸತ್ತದ್ದೇಕೆ ಎಂದು ಕಂಡುಕೊಳ್ಳಬೇಕು. ಕಾಲುವೆ ಮುಚ್ಚಿದ್ದರಿಂದ ಸತ್ತಿದ್ದರೆ ಕಾಲುವೆ ಬಿಡಿಸುವುದೇ ಮೊದಲ ಕೆಲಸ, ಬಳಿಕ ಉಬ್ಬರವೇ ಬೀಜ ತಂದು ಹಾಕುತ್ತದೆ. ಉಪ್ಪಿನಿಂದ ಸತ್ತಿದ್ದರೆ ಮಳೆಗಾಲ ಹಿಡಿದ ಮೇಲೆ ನೆಡಬೇಕು. ಸಸಿಗಳನ್ನು ಸೈನಿಕರ ಸಾಲಿನಂತೆ ಸಮದೂರದಲ್ಲಿ ನೆಡುವ ರೂಢಿಯಿದೆ, ಇದು ಪೈಪೋಟಿ ತಪ್ಪಿಸಲು ತೋಟಗಾರಿಕೆಯಿಂದ ಬಂದ ಅಭ್ಯಾಸ. ಉಪ್ಪು ಹೆಚ್ಚಿರುವ ಬೋಳು ನೆಲದಲ್ಲಿ ಗಿಡಕ್ಕೆ ಬೇಕಾದದ್ದು ನೆರೆಯ ನೆರಳು. ಹೊರದೇಶಗಳ ಉಪ್ಪುಜವುಗಿನ ಪ್ರಯೋಗಗಳಲ್ಲಿ ಒತ್ತಾಗಿ ಗುಂಪುಗುಂಪಾಗಿ ನೆಟ್ಟ ಸಸಿಗಳು ಬಿಡಿಬಿಡಿಯಾಗಿ ನೆಟ್ಟವಕ್ಕಿಂತ ಚೆನ್ನಾಗಿ ಬೆಳೆದಿವೆ. ಅಂಚಿನಲ್ಲಿ ತಾನಾಗಿ ಬಂದ ಸೆಸುವಿಯಮ್ ಮತ್ತು ಜೇಕನ್ನು ಕಿತ್ತು ಜಾಗ ಶುಚಿ ಮಾಡುವುದನ್ನೂ ನಿಲ್ಲಿಸಬೇಕು, ಅವೇ ಆ ಮಣ್ಣನ್ನು ಮುಚ್ಚಿ ಉಪ್ಪನ್ನು ತಡೆಯುತ್ತಿರುತ್ತವೆ.

ಅಳಿವೆಯ ಪಕ್ಕದಲ್ಲಿರುವ ನಾವು ಏನನ್ನು ಗಮನಿಸಿ ಬರೆದಿಡಬಹುದು?

ಒಂದೇ ಜಾಗಕ್ಕೆ ಪ್ರತಿ ಅಮಾವಾಸ್ಯೆಯ ಸುಮಾರಿಗೆ ಹೋಗಿ ಒಂದೇ ಕಡೆ ನಿಂತು ಒಂದು ಫೋಟೋ ತೆಗೆದು ದಿನಾಂಕ ಬರೆದಿಡುವುದರಿಂದ ಶುರುಮಾಡಬಹುದು. ಬೋಳು ತೇಪೆಯ ಅಂಚಿಗೆ ಬಿದಿರಿನ ಗೂಟ ನೆಟ್ಟರೆ ಅದು ಹಿಗ್ಗಿತೋ ಕುಗ್ಗಿತೋ ಮುಂದಿನ ಭೇಟಿಯಲ್ಲಿ ತಿಳಿಯುತ್ತದೆ. ಆ ಅಂಚಿನಲ್ಲಿ ಬಸವನಹುಳುಗಳು ಮತ್ತು ಏಡಿಬಿಲಗಳು ಒಳಭಾಗಕ್ಕಿಂತ ಹೆಚ್ಚಿವೆಯೇ ಎಂದು ಒಂದು ಮಾರು ಜಾಗದಲ್ಲಿ ಎಣಿಸಬೇಕು. ಉಪ್ಪಿನ ಅಳತೆಗೆ ಸೀಗಡಿ ಸಾಕಣೆಯವರು ಬಳಸುವ ಕೈಯಳತೆಯ ಉಪಕರಣ ಸಾಕು. ಒಂದು ಗೇಣು ಆಳದ ಗುಂಡಿಯಲ್ಲಿ ಜಿನುಗಿದ ನೀರನ್ನು ಅಳೆಯಬೇಕು, ಮೇಲಿನ ಉಬ್ಬರದ ನೀರನ್ನಲ್ಲ, ಏಕೆಂದರೆ ಬೇರು ಕುಡಿಯುವುದು ಆ ಗುಂಡಿಯ ನೀರನ್ನು. ಕಾರವಾರದ ಕೋಡಿಬಾಗದಲ್ಲಿ ಕಡಲಜೀವಶಾಸ್ತ್ರ ಕಲಿಸುವ ವಿಭಾಗವಿದೆ, ಸಿರಸಿಯಲ್ಲಿ ಅರಣ್ಯ ಕಾಲೇಜಿದೆ. ಇಂಥ ಬರಹಗಳನ್ನು ಅಲ್ಲಿನ ವಿದ್ಯಾರ್ಥಿಗಳೊಂದಿಗೆ ಹಂಚಿಕೊಂಡರೆ ಗಿಡದ ಹೆಸರು ಗುರುತಿಸಲು ನೆರವು ಸಿಗಬಹುದು. ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ಪ್ರದೇಶ 2024ರಲ್ಲಿ ಅಂತರರಾಷ್ಟ್ರೀಯ ಮಹತ್ವದ ಜವುಗು ಪ್ರದೇಶಗಳ ರಾಮ್‌ಸಾರ್ ಪಟ್ಟಿಗೆ ಸೇರಿರುವುದರಿಂದ ಅಲ್ಲಿನ ಬೇಸಿಗೆಯ ಟಿಪ್ಪಣಿಗಳಿಗೆ ಈಗ ಹೆಚ್ಚಿನ ಬೆಲೆಯಿದೆ. ಟಿಪ್ಪಣಿ ಬರೆಯಲು ಮುಖ್ಯವಾದ ತಿಂಗಳುಗಳು ಎರಡು: ಉಪ್ಪು ತುದಿಗೇರಿರುವ ಮೇ, ಮತ್ತು ಉಳಿದ ಬೇರು ಚಿಗುರಿತೋ ಇಲ್ಲವೋ ಗೊತ್ತಾಗುವ ಆಗಸ್ಟ್.